ನಮ್ಮವ್ವ ಧಾರಾವಾಹಿ ನೋಡಂಗಿಲ್ಲ, ಕೇಳ್ತಾಳ

[ಬನಹಟ್ಟಿ, ಸಂಜೆ ಏಳು ಗಂಟೆ. ಪವರ್‌ಲೂಮಿನ ಸದ್ದು. ಬಾಗಿಲ ಸಂದಿಯಿಂದ ಟಿವಿಯ ನೀಲಿ ಬೆಳಕು. ಹತ್ತು ಸೆಕೆಂಡು ಮಾತಿಲ್ಲ.]

ಈ ಸಪ್ಪಳ ಕೇಳಿಸ್ತಲ್ರಿ? ಇದು ನಮ್ಮ ಮನಿ. ಬಾಗಲಕೋಟಿ ಜಿಲ್ಲಾ, ರಬಕವಿ-ಬನಹಟ್ಟಿ. ಮುಂದಿನ ಖೋಲ್ಯಾಗ ಎರಡು ಪವರ್‌ಲೂಮ್ ಅದಾವ, ಹಿಂದಿನ ಖೋಲ್ಯಾಗ ಟಿವಿ. ನಡುವಿನ ಬಾಗಿಲದಾಗ ನಮ್ಮವ್ವ ಮಗ್ಗಕ್ಕ ಬೇಕಾದ ನೂಲಿನ ಕಂಡಕಿ ಸುತ್ತಕೋತ ಕುಂತಿರ್ತಾಳ. ಕಣ್ಣು ನೂಲಿನ ಮ್ಯಾಲೆ, ಕಿವಿ ಟಿವಿ ಕಡೆ. ಎಳಿ ಹರೀತಂದ್ರ ಕೆಲಸ ಕೆಟ್ಟಂಗ, ಅದಕ್ಕ ಆಕಿ ತಲಿ ಎತ್ತಿ ನೋಡೋದು ಭಾಳ ಕಡಿಮಿ.

ಎಲ್ಲಾರಿಗೂ ನಮಸ್ಕಾರ್ರಿ. 2025 ಮುಗಿಯಾಕ ಬಂತು. ಈ ವರ್ಷ ನಮ್ಮ ಮನ್ಯಾಗ ಯಾವ ಕಾರ್ಯಕ್ರಮ ಮನಸ್ಸಿಗೆ ಹತ್ತಿದ್ವು, ಯಾಕ ಹತ್ತಿದ್ವು ಅಂತ ಹೇಳಾಕ ಈ ವಿಡಿಯೋ ಮಾಡೇನಿ. ಪಟ್ಟಿ ನನ್ನದೊಬ್ಬಂದ ಅಲ್ಲ. ಅರ್ಧ ನಾ ನೋಡಿ ಆರಿಸಿದ್ದು, ಅರ್ಧ ನಮ್ಮವ್ವ ಕೇಳಿ ಆರಿಸಿದ್ದು.

[ಕಂಡಕಿ ಸುತ್ತುವ ಕೈಗಳು, ಹತ್ತಿರದಿಂದ. ಟಿವಿ ಚೌಕಟ್ಟಿನಲ್ಲಿ ಕಾಣುವುದಿಲ್ಲ, ಸದ್ದು ಮಾತ್ರ.]

ಧಾರಾವಾಹಿ ಬಗ್ಗೆ ಮಂದಿ ಏನಂತಾರ? ಒಬ್ಬಾಕಿ ಬಾಗಿಲದಾಗ ನಿಂತ್ರ ಮೂರು ಸಲ ಮಾರಿ ತೋರಸ್ತಾರ. ಮನಸ್ಸಿನ್ಯಾಗಿನ ಮಾತನ್ನೂ ಜೋರಾಗಿ ಆಡಸ್ತಾರ. ನಿನ್ನೆ ಆಗಿದ್ದನ್ನ ಇವತ್ತ ಮತ್ತ ಹೇಳ್ತಾರ. ಖರೇ ಐತಿ, ನಾನೂ ಹಂಗ ಬೈತಿದ್ದೆ. ನಮ್ಮವ್ವನ ಬಾಜೂಕ ಕುಂತು ನೋಡಿದ ಮ್ಯಾಲೆ ನನಗ ಬ್ಯಾರೆ ತಿಳೀತು. ಸಂಜೀ ಏಳರಿಂದ ಹತ್ತರತನಕ ಟಿವಿ ಮುಂದ ಕೈಕಟ್ಟಿ ಕೂಡೋ ಹೆಣ್ಮಕ್ಕಳು ನಮ್ಮ ಓಣ್ಯಾಗಂತೂ ಯಾರೂ ಇಲ್ಲ. ಒಬ್ಬಾಕಿ ರೊಟ್ಟಿ ಬಡೀತಿರ್ತಾಳ, ಒಬ್ಬಾಕಿ ಹುಡುಗರ ಅಭ್ಯಾಸ ಮಾಡಿಸ್ತಿರ್ತಾಳ, ಒಬ್ಬಾಕಿ ಅತ್ತಿಗೆ ಗುಳಿಗಿ ಕೊಡಾಕ ಎದ್ದು ಹೋಗಿರ್ತಾಳ. ಇವರಿಗೆ ಕಥಿ ಮುಟ್ಟಬೇಕಂದ್ರ ಕಿವಿಯ ಹಾದೀನ ಹಿಡೀಬೇಕು. ಕೆಟ್ಟಾಕಿ ಬಂದ್ಲಂದ್ರ ಆಕಿದೊಂದು ಸಂಗೀತ ಶುರು ಆಗತೈತಿ. ನಮ್ಮವ್ವ ತಲಿ ಎತ್ತಂಗಿಲ್ಲ, "ಬಂದ್ಲು ನೋಡವ್ವಾ" ಅಂತಾಳ. ಆ ಮೂರು ಸಲದ ಸದ್ದು ಇರೋದು ರೊಟ್ಟಿ ಬಡಿಯಾಕಿ ಹೊಳ್ಳಿ ನೋಡ್ಲಿ ಅಂತ. ಬರಿಯೋರಿಗೆ ಇದು ಚಲೋ ಗೊತ್ತೈತಿ ಅಂತ ನನಗ ಅನಸತೈತಿ. ಧಾರಾವಾಹಿ ಅಂದ್ರ ಅರ್ಧಕ್ಕರ್ಧ ರೇಡಿಯೋ ನಾಟಕ.

ಕಿವಿಯಿಂದ ಕೇಳೋದಾದ್ರ ಅಲ್ಲಿ ಯಾವ ಊರಿನ ಮಾತು ಬರತೈತಿ ಅನ್ನೋದು ಸಣ್ಣ ಸಂಗತಿ ಅಲ್ಲ. ನನ್ನ ಪಟ್ಟಿ ಇಲ್ಲಿಂದ ಶುರು ಆಗತೈತಿ.

[ಊರ ಕಟ್ಟೆಯ ಮೇಲೆ ಒಂದೇ ಮೊಬೈಲಿಗೆ ತಲೆ ಕೊಟ್ಟು ಕುಳಿತ ಹುಡುಗರು, ಹಿಂದಿನಿಂದ.]

ಮೊದಲನೇದು ಬಿಗ್ ಬಾಸ್ ಕನ್ನಡ, 11ನೇ ಸೀಸನ್. ಶುರು ಆಗಿದ್ದು 2024ರ ಸೆಪ್ಟೆಂಬರದಾಗ, ಮುಗಿದಿದ್ದು 2025ರ ಜನವರಿ 26ಕ್ಕ. ಹಂಗಾಗಿ ಈ ವರ್ಷದ್ದಂತ ಹಿಡಿದೇನಿ. ಮಂದಿಗೆ ಜಗಳಾ ಹಚ್ಚಿ ನೋಡೋ ಆಟ ನನಗ ಒಗ್ಗಂಗಿಲ್ಲ. ನಾ ನೋಡಿದ್ದು ಹನುಮಂತನ ಸಲುವಾಗಿ.

ಹಾವೇರಿ ಜಿಲ್ಲಾದ ಸವಣೂರ ತಾಲೂಕಿನ ಹುಡುಗ, ತಾಂಡಾದಂವ. ಕುರಿ ಕಾಯಕೋತ ಹಾಡತಿದ್ದ. ಸರಿಗಮಪ 15ನೇ ಸೀಸನ್ನಿನ್ಯಾಗ ರನ್ನರ್ ಅಪ್ ಆದ, ಊರೂರಿಗೆ ಗೊತ್ತಾದ. ಬಿಗ್ ಬಾಸ್‌ಗೆ ನಡುವ ವೈಲ್ಡ್ ಕಾರ್ಡ್ ಮ್ಯಾಲೆ ಹ್ವಾದ. ಲುಂಗಿ ಬಿಡಲಿಲ್ಲ, ಮಾತೂ ಬದಲಿ ಮಾಡಲಿಲ್ಲ. ಕಡೀಕ ಸುದೀಪ್ ಅವನ ಕೈ ಎತ್ತಿದಾಗ ನಮ್ಮ ಓಣ್ಯಾಗ ಪಟಾಕಿ ಹೊಡದ್ರು.

ನನ್ನ ಮನಸ್ಸಿನ್ಯಾಗ ಉಳದಿದ್ದು ಆ ಗೆಲುವಿಗಿಂತ ಅದರ ಹಿಂದಿನ ದಿನಗಳು. ಟಿವಿಯೊಳಗ ನಮ್ಮ ಕಡಿ ಮಾತಿಗೆ ಎರಡು ಖುರ್ಚಿ ಮೊದಲಿಂದ ಇಟ್ಟಾರ. ಒಂದು ಹಾಡೋರದು, ಒಂದು ನಗಸೋರದು. ಕಾಮಿಡಿ ಕಿಲಾಡಿಗಳು ಬಂದಾಗಿಂದ ನಮ್ಮ ಬೆಳಗಾವಿ, ಬಾಗಲಕೋಟಿ ಕಡಿ ಕಲಾವಿದರು ಇಡೀ ರಾಜ್ಯಾನ ನಗಿಸ್ಯಾರ, ಅದರ ಬಗ್ಗೆ ನನಗ ಅಭಿಮಾನ ಐತಿ. ಆದ್ರ ನಗಿ ಮುಗಿದ ಮ್ಯಾಲೆ? ಸಿಟ್ಟು ಬಂದಾಗ, ಬ್ಯಾಸರ ಆದಾಗ, ಗೆಳೆಯನ ಜೋಡಿ ಮುನಿಸಿಕೊಂಡಾಗ, ರಾತ್ರಿ ನಿದ್ದಿ ಬರದಾಗ ಇದೇ ಮಾತಿನ್ಯಾಗ ಒಬ್ಬ ಮನಿಷಾ ಹ್ಯಾಂಗ ಇರ್ತಾನ ಅಂತ ತಿಂಗಳಗಟ್ಟಲೆ ಟಿವಿಯಾಗ ನೋಡಿದ್ದು ನಾ ಹನುಮಂತನ್ನ. ಮೊದಮೊದಲ ಎಲ್ಲಾರೂ ಅವಂಗ "ಮುಗ್ಧ" ಅಂದ್ರು. ನಮ್ಮ ಮಾತು ಕಿವಿಗೆ ಬಿದ್ದ ಕೂಡಲೇ ಹತ್ತೋ ಚೀಟಿ ಅದು. ಅವ ಮುಗ್ಧ ಅಲ್ರಿ. ಮಾತು ಕಡಿಮಿ, ಲೆಕ್ಕ ಪಕ್ಕಾ. ನಮ್ಮ ಸಂತಿಯಾಗ ಇಂಥವರು ಭಾಳ ಮಂದಿ ಸಿಗ್ತಾರ.

ಸೆಪ್ಟೆಂಬರ 28ಕ್ಕ 12ನೇ ಸೀಸನ್ ಶುರು ಆತು, ಯಾದಗಿರಿ ಜಿಲ್ಲಾದ ಮಲ್ಲಮ್ಮ ಬಂದ್ರು. ಅವತ್ತ ನಮ್ಮವ್ವ ರಾಟಿ ನಿಲ್ಲಿಸಿ ತಲಿ ಎತ್ತಿ ನೋಡಿದ್ಲು. ತನ್ನ ವಾರಗೀ ಹೆಣ್ಮಗಳು, ಸೀರಿ ಉಟ್ಟು, ಇದ್ದ ಮಾತು ಇದ್ದಂಗ ಆಡಾಕಿ. "ಇದು ನಮ್ಮ ಮಾತಲ್ಲೋ, ಆ ಕಡೀದು" ಅಂತ ನನಗ ತಿದ್ದಿದ್ಲು. ಖರೇ. ನಾವು "ಬರಾಕತ್ತೇನಿ" ಅಂದ್ರ ಧಾರವಾಡದೋರು "ಬರ್ಲಿಕತ್ತೇನಿ" ಅಂತಾರ, ಕಲಬುರಗಿ ಕಡೀಕ ಹ್ವಾದ್ರ "ಬರ್ಲತ್ತೀನಿ" ಆಗತೈತಿ. ಬೆಂಗಳೂರಾಗ ಕುಂತು ಬರಿಯೋರಿಗೆ ಇವೆಲ್ಲಾ ಒಂದೇ "ಉತ್ತರ ಕರ್ನಾಟಕ ಭಾಷೆ". ಎಲ್ಲಾದಕ್ಕೂ ಒಂದು "ಲೇ" ಹಚ್ಚಿ, ಮ್ಯಾಲೆ ಒಂದು ರೊಟ್ಟಿ ಇಟ್ರ ಮುಗೀತು ಅಂತ ತಿಳಕೊಂಡಾರ. ಕಂಡಕಿ ಸುತ್ತಾಕಿ ಕಿವಿಗೆ ಅದು ಆ ಕ್ಷಣಕ್ಕ ಗೊತ್ತಾಗತೈತಿ.

[ಹಳೆಯ ವಾಡೆಯೊಂದರ ಅಂಗಳ, ಬೆಳಗಿನ ಬಿಸಿಲು.]

ಹಿಂಗಂದ್ರ ನಮ್ಮ ಮಾತಿನ ಧಾರಾವಾಹಿ ಬಂದೇ ಇಲ್ಲ ಅಂತಲ್ಲ. ಈಟಿವಿ ಕನ್ನಡ ಇದ್ದ ಕಾಲಕ್ಕ ವೈಶಾಲಿ ಕಾಸರವಳ್ಳಿ ಅವರು "ಮೂಡಲಮನೆ" ಮಾಡಿದ್ರು. ಹೆಸರ ಬೇಂದ್ರೆ ಅಜ್ಜಾರ "ಬೆಳಗು" ಪದ್ಯದ್ದು. ಒಂದು ದೊಡ್ಡ ಮನಿ, ಅದರಾಗಿನ ಹಿರಿಯರು, ಅವರ ಸಂಕಟ, ಎಲ್ಲಾ ನಮ್ಮ ಮಾತಿನ್ಯಾಗ. ನಾ ಆವಾಗ ಸಣ್ಣಾಂವ. ಕಥಿ ನೆನಪಿಲ್ಲ, ನಮ್ಮಜ್ಜಿ ಅದನ್ನ ನೋಡಕೋತ ಕಣ್ಣೀರು ಒರಸಿಕೊಂಡಿದ್ದು ನೆನಪೈತಿ. ಆಮ್ಯಾಲೆ 2020ಕ್ಕ ಕಲರ್ಸ್ ಕನ್ನಡದಾಗ "ಗಿಣಿರಾಮ" ಬಂತು, ರಿತ್ವಿಕ್ ಮಠದ, ನಯನಾ ನಾಗರಾಜ್ ಇದ್ರು. ಅದರಾಗಿನ ಆಯಿ ಸಾಹೇಬ ಅನ್ನೋ ಹೆಣ್ಮಗಳ ಗತ್ತು ನಮ್ಮವ್ವಗ ಇವತ್ತಿಗೂ ಬಾಯಿಪಾಠ. ಈ ಎರಡರ ನಡುವ ಎಷ್ಟು ವರ್ಷ ಹ್ವಾದ್ವು ನೋಡ್ರಿ. ಇಷ್ಟು ಮಂದಿ ಆಡೋ ಮಾತಿಗೆ ಇಷ್ಟು ಕಡಿಮಿ ಧಾರಾವಾಹಿ ಅಂದ್ರ ನನಗ ಸಂಕಟ ಆಗತೈತಿ.

ಈಗ ನಮ್ಮವ್ವನ ಪಟ್ಟಿ. ಆಕಿಗೆ ಮೊದಲನೇದು "ಪುಟ್ಟಕ್ಕನ ಮಕ್ಕಳು". ಜೀ ಕನ್ನಡದಾಗ 2021ರ ಡಿಸೆಂಬರಕ್ಕ ಶುರು ಆಗಿದ್ದು. ಗಂಡ ಬಿಟ್ಟ ಹೆಣ್ಮಗಳು, ಮೆಸ್ ನಡಿಸಿ ಮೂರು ಹೆಣ್ಣು ಮಕ್ಕಳನ್ನ ಬೆಳಸ್ತಾಳ. ಮಾತು ಹಳೇ ಮೈಸೂರು ಕಡೀದು. ಆದ್ರೂ ನಮ್ಮ ಊರಿಗೆ ಆ ಪುಟ್ಟಕ್ಕ ಹೊರಗಿನಾಕಿ ಅಲ್ಲ. ಪುಟ್ಟಕ್ಕನ ಪಾತ್ರ ಮಾಡೋ ಉಮಾಶ್ರೀ ಅವರು 2013ರಿಂದ 2018ರತನಕ ನಮ್ಮ ತೇರದಾಳ ಕ್ಷೇತ್ರದ ಶಾಸಕಿ, ಕನ್ನಡ ಮತ್ತು ಸಂಸ್ಕೃತಿ ಮಂತ್ರಿನೂ ಆಗಿದ್ರು. ನಮ್ಮ ಬನಹಟ್ಟಿ ಅದೇ ಕ್ಷೇತ್ರದಾಗ ಬರತೈತಿ. ನಮ್ಮವ್ವ ಆ ದನಿಯನ್ನ ಪ್ರಚಾರದ ಮೈಕಿನ್ಯಾಗ ಕೇಳ್ಯಾಳ, ಈಗ ಟಿವಿಯಾಗ ಕೇಳ್ತಾಳ. ವೋಟು ಯಾರಿಗೆ ಹಾಕಿದ್ಲು ಅಂತ ನಾ ಯಾವತ್ತೂ ಕೇಳಿಲ್ಲ. ಆದ್ರ ಪುಟ್ಟಕ್ಕ ಅತ್ರ ಆಕಿ ಕೈ ನಿಂತಿದ್ದನ್ನ ನೋಡೇನಿ.

ಇನ್ನೊಂದು ನೆನಪು ಮಾಡಕೋಬೇಕು. ಉಮಾಶ್ರೀ ಅವರಿಗೆ ರಾಷ್ಟ್ರಪ್ರಶಸ್ತಿ ಬಂದಿದ್ದು ಗಿರೀಶ ಕಾಸರವಳ್ಳಿ ಅವರ "ಗುಲಾಬಿ ಟಾಕೀಸ್" ಸಿನಿಮಾಕ್ಕ. ಅದರಾಗ ಅವರು ಸೂಲಗಿತ್ತಿ. ಮನಿಗೆ ಬಣ್ಣದ ಟಿವಿ ಬರತೈತಿ, ಊರ ಹೆಣ್ಮಕ್ಕಳೆಲ್ಲಾ ಅಲ್ಲಿ ಬಂದು ಕೂಡ್ತಾರ. ಟಿವಿ ಮುಂದ ಕುಂತ ಹೆಂಗಸಿನ ಪಾತ್ರ ಮಾಡಿದಾಕಿ ಈಗ ಟಿವಿಯೊಳಗಿಂದ ಅಂಥಾ ಲಕ್ಷಗಟ್ಟಲೆ ಹೆಂಗಸರ ಜೋಡಿ ಮಾತಾಡ್ತಾಳ. ಪುಟ್ಟಕ್ಕನ ಕಥಿ ಎಳದಿದ್ದು ಹೆಚ್ಚಾತು, ನೂಲಾಗಿದ್ರ ಯಾವಾಗೋ ಹರೀತಿತ್ತು. ಆ ದನಿ ಇರೋತನಕ ನಮ್ಮವ್ವ ಬಿಡಂಗಿಲ್ಲ.

[ಬೆಳಗಾವಿ ಬಸ್ ನಿಲ್ದಾಣ. ಕನ್ನಡ, ಮರಾಠಿ ಎರಡೂ ಮಾತು ಬೆರೆತ ಗದ್ದಲ.]

ಎರಡನೇದು "ಅಮೃತಧಾರೆ". ಗೌತಮನಾಗಿ ರಾಜೇಶ್ ನಟರಂಗ, ಭೂಮಿಯಾಗಿ ಛಾಯಾ ಸಿಂಗ್. ವಯಸ್ಸು ದಾಟಿದ ಮ್ಯಾಲೆ ಆದ ಮದುವಿ. ಇದು ಸೋನಿಯೊಳಗ 2011ಕ್ಕ ಶುರು ಆದ ಹಿಂದಿ ಧಾರಾವಾಹಿಯ ಕಥಿ. ಇಲ್ಲಿ ನಮ್ಮಕ್ಕನ ಸುದ್ದಿ ಬರತೈತಿ. ಆಕೀನ ಬೆಳಗಾವಿಗೆ ಕೊಟ್ಟೇವಿ, ಆಕಿ ಮನ್ಯಾಗ ಒಂದು ತಾಸು ಕನ್ನಡ ನಡದ್ರ ಒಂದು ತಾಸು ಮರಾಠಿ. 2019ಕ್ಕ "ಜೊತೆ ಜೊತೆಯಲಿ" ಶುರು ಆದಾಗ ಅಕ್ಕ ಫೋನ್ ಹಚ್ಚಿ, "ಯವ್ವಾ, ಇದು ಮರಾಠಿ 'ತುಲಾ ಪಾಹತೇ ರೇ' ಐತಿ, ನಾ ಪೂರಾ ನೋಡೇನಿ, ಮುಂದ ಏನಾಗತೈತಿ ಹೇಳ್ಲೇನು?" ಅಂದಿದ್ಲು. ನಮ್ಮವ್ವ, "ಬ್ಯಾಡ ತಂಗಿ, ನನಗ ದಿನಾ ಒಂದೀಟು ಬರ್ಲಿ" ಅಂದ್ಲು.

ಕಥಿ ಗಡಿ ದಾಟೋದು ಹೊಸಾದಲ್ಲ. ಬಂಗಾಲಿ "ಶ್ರೀಮೋಯಿ" ಮರಾಠಿಗೆ ಬಂದು "ಆಯಿ ಕುಠೇ ಕಾಯ ಕರತೇ" ಆತು, ಹಿಂದಿಗೆ ಹೋಗಿ "ಅನುಪಮಾ" ಆತು, ಕನ್ನಡದಾಗ "ಇಂತಿ ನಿಮ್ಮ ಆಶಾ" ಆತು. ಮನಿಗೆ ದುಡದು ದುಡದು ಹೆಸರಿಲ್ಲದಂಗಾದ ಹೆಣ್ಮಗಳು ಎಲ್ಲಾ ರಾಜ್ಯದಾಗೂ ಅದಾಳ, ಅದಕ್ಕ ಎಲ್ಲಾ ಕಡೆ ನಡೀತೈತಿ. ಆದ್ರ ಅಮೃತಧಾರೆ ಈಗ ಹಿಂದಿ ಕಥಿ ಬಿಟ್ಟು ದೂರ ಬಂದೈತಿ. ಕೋಟಿಗಟ್ಟಲೆ ಆಸ್ತಿ ಇದ್ದ ಗೌತಮ ಎಲ್ಲಾ ಬಿಟ್ಟು ಕಾರು ಓಡಿಸಿ ವಠಾರದಾಗ ಇರೋ ಭಾಗ ಈ ವರ್ಷ ನನಗ ಎಲ್ಲಾದಕ್ಕಿಂತ ಹಿಡಿಸಿದ್ದು. ರಾಜೇಶ್ ನಟರಂಗ ಮಾತಾಡೋಕಿಂತ ಮೊದಲ ಒಂದು ಉಸರು ಬಿಡ್ತಾರ ನೋಡ್ರಿ, ಪವರ್‌ಲೂಮಿನ ಸಪ್ಪಳದಾಗೂ ಅದು ಕೇಳತೈತಿ.

"ಲಕ್ಷ್ಮೀ ನಿವಾಸ" ಸ್ವಂತ ಮನಿ ಕಟ್ಟೋ ಆಸೆಯ ಮ್ಯಾಲೆ ಶುರು ಆಗಿದ್ದು, ಆ ಮನಿ ಕಥೀಗೇ ಅಂಟಿಕೊಂಡಿದ್ರ ಚಲೋ ಇತ್ತು. ಜುಲೈದಾಗ ಬಂದ "ಕರ್ಣ" ಕಿರಣ್ ರಾಜ್ ಸಲುವಾಗಿ ನಮ್ಮ ತಂಗಿ ನೋಡ್ತಾಳ. "ಅಣ್ಣಯ್ಯ" ನಡದಿರತೈತಿ, ಯಾರೂ ಬದಲಿ ಮಾಡಂಗಿಲ್ಲ.

[ಗೋಡೆಯ ಕಪಾಟು. ನಾಲ್ಕಾರು ಕನ್ನಡ ಪುಸ್ತಕ.]

ನಮ್ಮಪ್ಪನ ಒಂದೇ ಒಂದು ಕಾರ್ಯಕ್ರಮ ಬಿಟ್ರ ತಪ್ಪಾಗತೈತಿ. ಚಂದನದ "ಥಟ್ ಅಂತ ಹೇಳಿ". 2002ರ ಜನವರಿಗೆ ಶುರು ಆಗಿದ್ದು, 4000 ಕಂತು ದಾಟೇತಿ, ಡಾ. ನಾ. ಸೋಮೇಶ್ವರ ಅವರೇ ನಡಸ್ತಾರ. ಸರಿ ಉತ್ತರಕ್ಕ ಪುಸ್ತಕ ಕೊಡ್ತಾರ, ರೊಕ್ಕ ಅಲ್ಲ. ನಮ್ಮಪ್ಪ ಏಳನೇತ್ತಕ್ಕ ಸಾಲಿ ಬಿಟ್ಟು ಮಗ್ಗಕ್ಕ ಬಂದಾಂವ. ಆ ಅರ್ಧ ತಾಸು ಒಂದು ಮಗ್ಗ ನಿಲ್ಲಸ್ತಾನ. ಒಂದು ಮಗ್ಗ ನಿಂತ್ರ ಎಷ್ಟು ಮೊಳ ಬಟ್ಟಿ ಕಡಿಮಿ ಆಗತೈತಿ ಅಂತ ಅವಂಗ ಗೊತ್ತು. ವಚನದ ಪ್ರಶ್ನಿ ಬಂದ್ರ ಮೂರೂ ಮಂದಿ ಸ್ಪರ್ಧಿಗಳಿಗಿಂತ ಮೊದಲ ಉತ್ತರ ಹೇಳ್ತಾನ. ಸೋಮೇಶ್ವರ ಸರ್ ತಪ್ಪು ಉತ್ತರ ಹೇಳಿದವರಿಗೆ ಅವಮಾನ ಮಾಡಂಗಿಲ್ಲ, ಬಿಡಿಸಿ ತಿಳಿಸ್ತಾರ. ಟಿವಿಯೊಳಗ ಅಂಥಾ ಸಮಾಧಾನದ ದನಿ ಈಗ ಕಡಿಮಿ ಆಗೇತಿ.

ಇದೆಲ್ಲಾ ನಮ್ಮ ಮನಿ ಲೆಕ್ಕ. ಚಾನೆಲ್ಲಿನವರ ಲೆಕ್ಕ ಬ್ಯಾರೆ. ಬಾರ್ಕ್ ಅನ್ನೋ ಸಂಸ್ಥೆ ದೇಶದಾಗ ಆರಿಸಿದ ಕೆಲವು ಮನಿಗೆ ಮೀಟರ್ ಕೂಡಿಸತೈತಿ. ಯಾವ ಮನಿ ಅಂತ ಹೊರಗ ಹೇಳಂಗಿಲ್ಲ. ಚಾನೆಲ್ಲಿನ ಸದ್ದಿನೊಳಗ ನಮ್ಮ ಕಿವಿಗೆ ಕೇಳದಂಥ ಒಂದು ಗುರ್ತು ಬೆರಿಸಿರ್ತಾರ, ಮೀಟರ್ ಅದನ್ನ ಹಿಡದು ಯಾವ ಚಾನೆಲ್ ಅಂತ ಬರಕೋತೈತಿ. ಮನ್ಯಾಗ ಯಾರು ನೋಡಾಕತ್ತಾರ ಅನ್ನೋದಕ್ಕ ಒಬ್ಬೊಬ್ಬರಿಗೆ ಒಂದೊಂದು ಗುಂಡಿ. ನೋಡಾಕ ಕುಂತವರು ಒತ್ತಬೇಕು. ಗುರುವಾರಕ್ಕ ವಾರದ ರೇಟಿಂಗ್ ಬರತೈತಿ, ಅದರ ಮ್ಯಾಲೆ ಜಾಹೀರಾತಿನ ರೊಕ್ಕ ನಿಂತೈತಿ.

ನಾ ವಿಚಾರ ಮಾಡ್ತೇನಿ, ಅಂಥಾ ಮೀಟರ್ ನಮ್ಮ ಮನಿಗೆ ಬಂದ್ರ ನಮ್ಮವ್ವ ಗುಂಡಿ ಒತ್ತತಾಳೇನು? ಆಕಿ ಟಿವಿ ಇದ್ದ ಖೋಲ್ಯಾಗ ಇಲ್ಲ, ಬಾಗಿಲದಾಗ ಅದಾಳ. ಕೇಳಿದ್ರ, "ನಾ ಎಲ್ಲಿ ನೋಡ್ತೇನೋ, ಕೆಲಸ ಮಾಡ್ತೇನಿ" ಅಂತಾಳ.

[ದೃಶ್ಯ ಒಮ್ಮೆಲೇ ಕತ್ತಲು. ಮಗ್ಗದ ಸದ್ದು ನಿಲ್ಲುತ್ತದೆ. ಟಿವಿಯೂ ನಿಲ್ಲುತ್ತದೆ.]

ಹ್ವಾತು ನೋಡ್ರಿ ಕರೆಂಟ್. ಅಮೃತಧಾರೆ ಅರ್ಧ ಆಗಿತ್ತು.

ಕ್ಯಾಮೆರಾ ನಾ ಬಂದ್ ಮಾಡಿಲ್ಲ. ಇಂಥಾ ಹೊತ್ತಿನ್ಯಾಗ ಬಾಜೂ ಮನಿ ಕಾಕೂ ಬಂದು ಕಟ್ಟಿ ಮ್ಯಾಲೆ ಕುಂಡರ್ತಾಳ, ಆಕಿ ಮನ್ಯಾಗ ಟಿವಿ ಕೆಟ್ಟು ಹದಿನೈದು ದಿನ ಆತು. ನಮ್ಮವ್ವ ನಿನ್ನೆದು, ಇವತ್ತಿಂದು ಕೂಡಿಸಿ ಹೇಳ್ತಾಳ. ನೀವೂ ಕೇಳ್ರಿ.

[ಕತ್ತಲು. ಅವ್ವನ ದನಿ ಮಾತ್ರ.]

"ಗೌತಮ ಬಂದ್ನವ್ವಾ ಬಾಗಿಲಿಗೆ. ಬಂದು ನಿಂತಾ. ಆಕಿ ಒಳಗ ಅದಾಳ, ಇಂವ ಹೊರಗ ಅದಾನ. ಇಂವಂದೂ ಬಾಯಿ ಬರವಲ್ದು, ಆಕಿದೂ ಬರವಲ್ದು. ಕಡೀಕ ಇಂವನ ಅಂದಾ, 'ಏ ಭೂಮಿ, ಉಂಡಿಯೇನ?' ಅಂತ. ಅಷ್ಟ ಅಂದಾ. ಆಕಿ ಗೋಡಿಗೆ ತಲಿ ಕೊಟ್ಟು ಅತ್ಲು ನೋಡು..."

[ಕಾಕೂ ಮೂಗು ಒರೆಸಿಕೊಳ್ಳುವ ಸದ್ದು. ಕರೆಂಟ್ ಬರುತ್ತದೆ. ಮಗ್ಗ ಶುರುವಾಗುತ್ತದೆ.]