ಗಸ್ತು ಹಡಗಿನ ಆರ್ಡರ್ ಯಾರಿಗೆ?

ಕೇಳುಗರಿಗೆ ನಮಸ್ಕಾರ. 2025ರ ಏಪ್ರಿಲ್‌ನಲ್ಲಿ ಕಾರವಾರದಿಂದ ಐಎನ್‌ಎಸ್ ಸುನಯನಾ ಹೊರಟಿತಲ್ಲ, ಒಂಬತ್ತು ಗೆಳೆಯ ದೇಶಗಳ ನಾವಿಕರನ್ನೂ ಹತ್ತಿಸಿಕೊಂಡು, ಅದು ಗಸ್ತು ಹಡಗು. ಮುಂದೆ ಒಂದು ಫಿರಂಗಿ, ಹಿಂದೆ ಹೆಲಿಕಾಪ್ಟರ್ ಇಳಿಯುವ ಜಾಗ. ಕಡಲ್ಗಳ್ಳರನ್ನು ಅಟ್ಟಲು ಇಷ್ಟು ಸಾಕು. ಇದೇ ಮಾದರಿಯ ಸುಮಿತ್ರಾ 2024ರ ಜನವರಿಯಲ್ಲಿ ಸೊಮಾಲಿಯಾ ಕಡೆಯ ಸಮುದ್ರದಲ್ಲಿ ಎರಡು ಮೀನುಗಾರಿಕೆ ದೋಣಿಗಳನ್ನು ಬೆನ್ನುಬೆನ್ನಿಗೇ ಬಿಡಿಸಿತು. ಒಂದರಲ್ಲಿ 17 ಇರಾನಿಗರು, ಇನ್ನೊಂದರಲ್ಲಿ 19 ಪಾಕಿಸ್ತಾನಿಯರು. ಈ ಕೆಲಸಕ್ಕೆ ಡಿಸ್ಟ್ರಾಯರ್, ಅಂದರೆ ದೊಡ್ಡ ಯುದ್ಧನೌಕೆ, ಕಳಿಸಿದರೆ ಇಂಧನವೂ ಜಾಸ್ತಿ, ಸಿಬ್ಬಂದಿಯೂ ಜಾಸ್ತಿ.

ಇಷ್ಟು ಬೇಕಾದ ಹಡಗನ್ನು ತರಿಸಿಕೊಳ್ಳೋದು ಮಾತ್ರ ಸಲೀಸಲ್ಲ. 2011ರಲ್ಲಿ ನೌಕಾಪಡೆ ಐದು ಗಸ್ತು ಹಡಗುಗಳ ಆರ್ಡರನ್ನು ಗುಜರಾತಿನ ಪಿಪಾವಾವ್ ಶಿಪ್‌ಯಾರ್ಡ್‌ಗೆ ಕೊಟ್ಟಿತು. ಖಾಸಗಿ ಕಂಪನಿ. ಸಾಲ ಬೆಳೆಯಿತು, ಒಡೆತನ ಕೈ ಬದಲಾಯಿತು. 2017ರಲ್ಲಿ ಶಚಿ, ಶ್ರುತಿ ಎಂಬ ಎರಡು ಹಡಗುಗಳು ನೀರಿಗಿಳಿದವು. ನೀರಿಗಿಳಿದ ಮಾತ್ರಕ್ಕೆ ಹಡಗು ಮುಗಿಯಿತು ಅಂತಲ್ಲ. ವೈರಿಂಗ್, ರೇಡಾರ್, ಪರೀಕ್ಷೆ ಅಂತ ಎಷ್ಟೋ ಬಾಕಿ ಇರುತ್ತದೆ. ಕೆಲಸ ಮುಂದೆ ಸಾಗಲಿಲ್ಲ. ಕೆಲಸ ಕೈಕೊಟ್ಟರೆ ಹಣ ಕೊಡುತ್ತೇವೆ ಅಂತ ಯಾರ್ಡಿನ ಪರವಾಗಿ ಬ್ಯಾಂಕು ಕೊಟ್ಟಿದ್ದ ಗ್ಯಾರಂಟಿಯನ್ನು ನೌಕಾಪಡೆ ನಗದು ಮಾಡಿಕೊಂಡಿತು, 2020ರಲ್ಲಿ ಒಪ್ಪಂದವನ್ನೇ ರದ್ದು ಮಾಡಿತು. ಒಂದು ಹಡಗೂ ಕೈಗೆ ಬರಲಿಲ್ಲ. ಗ್ಯಾರಂಟಿ ಹಣ ವಾಪಸ್ ಬಂದೀತು, ಒಂಬತ್ತು ವರ್ಷ ಬರುತ್ತದೆಯೇ?

ಖಾಸಗಿಯವರಿಗೆ ಕೊಟ್ಟಿದ್ದೇ ತಪ್ಪು ಅನ್ನೋದು ಸುಲಭ. ಆದರೆ 2015ರಲ್ಲಿ ಖಾಸಗಿ ಕಂಪನಿಯೇ ಆದ ಎಲ್ ಅಂಡ್ ಟಿಗೆ ಕರಾವಳಿ ಕಾವಲು ಪಡೆ ಏಳು ಗಸ್ತು ಹಡಗು ಹೇಳಿತು, 1,432 ಕೋಟಿ ರೂಪಾಯಿಗೆ. ಅವು ಗಡುವಿಗೆ ಮೊದಲೇ ಬಂದವು. ಟೆಂಡರಿನಲ್ಲಿ ದರ ನೋಡುವ ಹಾಗೆ ಯಾರ್ಡಿನ ಸಾಲದ ಲೆಕ್ಕವನ್ನೂ ನೋಡಬೇಕು, ಅಲ್ವಾ?

2023ರ ಮಾರ್ಚ್‌ನಲ್ಲಿ ರಕ್ಷಣಾ ಸಚಿವಾಲಯ ಮತ್ತೆ 11 ಗಸ್ತು ಹಡಗುಗಳಿಗೆ ಸಹಿ ಹಾಕಿತು. ಏಳು ಗೋವಾ ಶಿಪ್‌ಯಾರ್ಡ್‌ಗೆ, ನಾಲ್ಕು ಕೋಲ್ಕತ್ತದ ಗಾರ್ಡನ್ ರೀಚ್‌ಗೆ. ಎರಡೂ ಸರ್ಕಾರಿ ಕಂಪನಿಗಳು. ಒಟ್ಟು 9,781 ಕೋಟಿ, ಅಂದರೆ ಹಡಗೊಂದಕ್ಕೆ ಸರಾಸರಿ 889 ಕೋಟಿ. ಜೊತೆಗೇ ಏಳೂವರೆ ವರ್ಷದಲ್ಲಿ 110 ಲಕ್ಷ ಮಾನವ ದಿನಗಳ ಕೆಲಸ ಅಂತ ಘೋಷಣೆ. ರಾಜಕೀಯ ಇರೋದು ಇಲ್ಲೇ. ಹಡಗು ದೂರದ ಕಡಲಲ್ಲಿರುತ್ತದೆ, ಸಂಬಳ ಊರಿಗೆ ಬರುತ್ತದೆ. ಇದನ್ನು ಸುಮ್ನೆ ಓಟಿನ ಲೆಕ್ಕ ಅನ್ನಲಾರೆ. ಯಾರ್ಡಿನಲ್ಲಿ ಕೆಲಸ ನಿಂತರೆ ಪಳಗಿದ ವೆಲ್ಡರು ಬೇರೆ ಕಡೆ ಹೋಗುತ್ತಾನೆ, ಹೊಸಬನನ್ನು ತಯಾರು ಮಾಡಲು ವರ್ಷಗಳೇ ಬೇಕು. ಎರಡು ಕಡೆ ಹಂಚಿದರೆ ಖರ್ಚು ಸ್ವಲ್ಪ ಏರಬಹುದು. ಪಿಪಾವಾವ್ ಕಂಡ ಮೇಲೆ, ಆ ಖರ್ಚು ನನಗೆ ಒಪ್ಪಿಗೆ.

ಒಪ್ಪಂದದ ಪ್ರಕಾರ ಹಡಗುಗಳು 2026ರ ಸೆಪ್ಟೆಂಬರ್‌ನಿಂದ ಒಂದೊಂದಾಗಿ ಬರಬೇಕು. ನಮಸ್ಕಾರ.