ಲೆಕ್ಕ ಕೊಟ್ಟರು, ಸಲಹೆ ಕೊಡಲಿಲ್ಲ

ಕೇಳುಗರಿಗೆ ನಮಸ್ಕಾರ.

ಸರ್ಕಾರ ಒಂದು ಯೋಜನೆ ತರುತ್ತದೆ. ಇಷ್ಟು ಖರ್ಚು, ಇಷ್ಟು ಉಳಿತಾಯ ಅಂತ ತಾನೇ ಹೇಳುತ್ತದೆ. ಆ ಲೆಕ್ಕ ಸರಿಯಿದೆಯಾ ಅಂತ ನೋಡುವವರು ಯಾರು? ಅಮೆರಿಕದ ಸಂಸತ್ತಿಗೆ ಈ ಕೆಲಸ ಮಾಡಿಕೊಡಲು ಒಂದು ಕಚೇರಿ ಇದೆ. ಅದನ್ನು ಕಟ್ಟಿ ನಿಲ್ಲಿಸಿದವರು ಅರ್ಥಶಾಸ್ತ್ರಜ್ಞೆ ಆಲಿಸ್ ರಿವ್ಲಿನ್.

1931ರಲ್ಲಿ ಹುಟ್ಟಿದವರು. ಇತಿಹಾಸ ಓದಬೇಕು ಅಂದುಕೊಂಡಿದ್ದವರಿಗೆ ಬೇಸಿಗೆಯ ಒಂದು ತರಗತಿಯಲ್ಲಿ ಅರ್ಥಶಾಸ್ತ್ರದ ರುಚಿ ಹತ್ತಿತು. ಮದುವೆ ವಯಸ್ಸಿನ ಹೆಣ್ಣು ಅಂತ ಹಾರ್ವರ್ಡ್‌ನ ಸಾರ್ವಜನಿಕ ಆಡಳಿತ ವಿಭಾಗ ಸೀಟು ಕೊಡಲಿಲ್ಲ. ಛಲ ಬಿಡದೆ ಮಹಿಳೆಯರ ಕಾಲೇಜಾದ ರ‍್ಯಾಡ್‌ಕ್ಲಿಫ್‌ನಲ್ಲಿ ಓದಿ 1958ರಲ್ಲಿ ಪಿಎಚ್‌ಡಿ ಪಡೆದರು.

ಸಂಸತ್ತು ಮಂಜೂರು ಮಾಡಿದ ಹಣವನ್ನು ಅಧ್ಯಕ್ಷ ನಿಕ್ಸನ್ ಖರ್ಚೇ ಮಾಡದೆ ತಡೆಹಿಡಿಯುತ್ತಿದ್ದರು. ಜಗಳ ಜೋರಾಯಿತು. 1974ರಲ್ಲಿ ಹೊಸ ಕಾನೂನು ಬಂತು, ಸಂಸತ್ತಿಗೆ ಸ್ವಂತ ಬಜೆಟ್ ಕಚೇರಿ ಸಿಕ್ಕಿತು. ಮರುವರ್ಷ ರಿವ್ಲಿನ್ ಅದರ ಮೊದಲ ನಿರ್ದೇಶಕಿಯಾದರು.

ಶುರುವಿನಲ್ಲೇ ಅವರು ಒಂದು ಗಟ್ಟಿ ನಿಯಮ ಹಾಕಿದರು. ಈ ದಾರಿ ಹಿಡಿದರೆ ಇಷ್ಟು ಖರ್ಚು, ಆ ದಾರಿ ಹಿಡಿದರೆ ಅಷ್ಟು ಅಂತ ಬರೆಯಬೇಕು. ಯಾವುದು ಒಳ್ಳೆಯದು ಅಂತ ಮಾತ್ರ ಹೇಳಕೂಡದು. ಅದನ್ನು ತೀರ್ಮಾನಿಸುವುದು ಜನ ಆರಿಸಿದವರ ಕೆಲಸ. ಓದಿಕೊಂಡವರಿಗೆ ಸಲಹೆ ಕೊಡದೆ ಸುಮ್ನೆ ಇರುವುದು ಎಷ್ಟು ಕಷ್ಟ ಅಲ್ವಾ! ನನ್ನ ಮಟ್ಟಿಗೆ ಅವರ ದೊಡ್ಡ ಸಾಧನೆ ಇದೇ.

ಪರೀಕ್ಷೆ ಬೇಗನೆ ಬಂತು. 1977ರಲ್ಲಿ ಅಧ್ಯಕ್ಷ ಕಾರ್ಟರ್ ಇಂಧನ ಉಳಿಸುವ ಯೋಜನೆ ತಂದರು. ರಿವ್ಲಿನ್ ಕೂಡ ಅವರ ಡೆಮಾಕ್ರಟಿಕ್ ಪಕ್ಷದ ಕಡೆಯವರೇ. ಆದರೂ ಯೋಜನೆ ಹೇಳುವಷ್ಟು ಇಂಧನ ಉಳಿಯುವುದಿಲ್ಲ ಅಂತ ಕಚೇರಿ ವರದಿ ಕೊಟ್ಟಿತು. ಸ್ವಂತ ಪಕ್ಷದವರೇ ಸಿಟ್ಟಾದರು. ನಾಲ್ಕು ವರ್ಷ ಕಳೆದ ಮೇಲೆ ರಿಪಬ್ಲಿಕನ್ ಪಕ್ಷದ ರೇಗನ್ ಬಂದರು. ಸರ್ಕಾರ ಹೇಳಿದ್ದಕ್ಕಿಂತ ಬಜೆಟ್ ಕೊರತೆ ಜಾಸ್ತಿಯಾಗುತ್ತದೆ ಅಂತ ಕಚೇರಿ ಲೆಕ್ಕ ತೋರಿಸಿತು. ಈಗ ಆ ಪಕ್ಷಕ್ಕೂ ಕಹಿಯಾಯಿತು. ಎರಡೂ ಕಡೆಯಿಂದ ಬೈಸಿಕೊಂಡರೂ ಅವರು 1983ರವರೆಗೆ ಆ ಕುರ್ಚಿಯಲ್ಲಿದ್ದರು.

ಮುಂದೆ ಕ್ಲಿಂಟನ್ ಕಾಲದಲ್ಲಿ ಶ್ವೇತಭವನದ ಬಜೆಟ್ ಕಚೇರಿಗೂ ಮುಖ್ಯಸ್ಥೆಯಾದರು, ಆ ಹುದ್ದೆಗೆ ಏರಿದ ಮೊದಲ ಮಹಿಳೆ. ಆಮೇಲೆ ಅಲ್ಲಿನ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್‌ನ ಉಪಾಧ್ಯಕ್ಷೆ. ವಾಷಿಂಗ್ಟನ್ ನಗರದ ಖಜಾನೆ ದಿವಾಳಿಯ ಅಂಚಿಗೆ ಬಂದಾಗ ನೇಮಿಸಿದ್ದ ಹಣಕಾಸು ನಿಯಂತ್ರಣ ಮಂಡಳಿಗೂ ಅಧ್ಯಕ್ಷೆಯಾಗಿದ್ದರು. 2019ರಲ್ಲಿ, 88ನೇ ವಯಸ್ಸಿನಲ್ಲಿ ತೀರಿಕೊಂಡರು.

ಇವತ್ತಿಗೂ ಸಂಸತ್ತಿನ ಸಮಿತಿಗಳು ಒಪ್ಪಿದ ಮಸೂದೆಗಳಿಗೆ ಎಷ್ಟು ಖರ್ಚಾಗುತ್ತದೆ ಅಂತ ರಿವ್ಲಿನ್ ಕಟ್ಟಿದ ಆ ಸಂಸತ್ತಿನ ಕಚೇರಿಯೇ ಅಂದಾಜು ಹಾಕುತ್ತದೆ. ಶಿಫಾರಸು ಮಾತ್ರ ಈಗಲೂ ಬರೆಯುವುದಿಲ್ಲ. ನಮಸ್ಕಾರ.