ಒಂದೆಲಗಕ್ಕೆ ಬ್ರಾಹ್ಮಿ ಎನ್ನಬೇಡಿ

ನಮಸ್ಕಾರ. ಕಳೆದ ಸಂಚಿಕೆಯಲ್ಲಿ ಒಂದೆಲಗದ ತಂಬುಳಿಯ ಮಾತು ಬಂದಾಗ ವೀಕ್ಷಕರೊಬ್ಬರು, "ಒಂದೆಲಗ ಎನ್ನುವುದು ಹಳ್ಳಿಯವರು ಕರೆಯುವ ಹೆಸರು, ಸರಿಯಾದ ಹೆಸರು ಬ್ರಾಹ್ಮಿ" ಎಂದು ನನ್ನನ್ನು ತಿದ್ದಿದ್ದಾರೆ. ಆ ಮಾತನ್ನು ನಾನು ಒಪ್ಪುವುದಿಲ್ಲ.

ಅಡಿಕೆ ತೋಟದ ಬಸಿಗಾಲುವೆಯ ಅಂಚಿನಲ್ಲಿ ನೆಲಕ್ಕಂಟಿ ಹಬ್ಬುತ್ತ, ಗೆಣ್ಣುಗೆಣ್ಣಿಗೂ ಬೇರೂರುತ್ತ, ಉದ್ದ ತೊಟ್ಟಿನ ತುದಿಯಲ್ಲಿ ದುಂಡನೆಯ ಒಂದೇ ಎಲೆಯನ್ನು ಎತ್ತಿ ಹಿಡಿಯುವ ಗಿಡವಿದು. ತುಳುವಿನಲ್ಲಿ ತಿಮರೆ, ಸಂಸ್ಕೃತದಲ್ಲಿ ಮಂಡೂಕಪರ್ಣಿ. ನಿಜಕ್ಕೂ ಬ್ರಾಹ್ಮಿ ಎನಿಸಿಕೊಳ್ಳುವ ನೀರುಬ್ರಾಹ್ಮಿಯಾದರೋ ಕೆಸರಿನಲ್ಲಿ ಬೆಳೆಯುವ ಬೇರೆಯೇ ಗಿಡ. ಅದರ ಸಣ್ಣ, ದಪ್ಪ ಎಲೆಗಳು ಎದುರುಬದುರಾಗಿ ಜೋಡಿಯಾಗಿರುತ್ತವೆ, ಹೂವು ಬಿಳಿ ಇಲ್ಲವೇ ತಿಳಿನೇರಳೆ. ಸಸ್ಯಶಾಸ್ತ್ರದಲ್ಲಿ ಒಂದೆಲಗವು ಸೆಂಟೆಲ್ಲಾ ಏಷಿಯಾಟಿಕಾ, ಕೊತ್ತಂಬರಿ, ಜೀರಿಗೆಗಳ ಕುಟುಂಬದ್ದು. ನೀರುಬ್ರಾಹ್ಮಿಯು ಬಕೋಪಾ ಮೊನ್ನಿಯೇರಿ, ಇಸಬಗೋಲಿನ ಕುಟುಂಬದ್ದು. ಹೀಗೆ ಕುಟುಂಬವೇ ಬೇರೆಯಾದ ಗಿಡಗಳಿಗೆ ಒಂದೇ ಹೆಸರನ್ನು ಹೇಗೆ ಕೊಡುತ್ತೀರಿ?

ವಿಜ್ಞಾನಿಗಳೇ ಹೆಸರು ಬದಲಿಸುತ್ತಾರಲ್ಲ ಎಂದು ಕೆಲವರು ವಾದಿಸುತ್ತಾರೆ. ನಿಜ, 1753ರಲ್ಲಿ ಸಸ್ಯವಿಜ್ಞಾನಿ ಲಿನೇಯಸ್ ಒಂದೆಲಗವನ್ನು ಹೈಡ್ರೋಕೋಟೈಲ್ ಕುಲಕ್ಕೆ, ಅಂದರೆ ಕುಟುಂಬಕ್ಕಿಂತ ಚಿಕ್ಕದಾದ ಗುಂಪಿಗೆ, ಸೇರಿಸಿದ್ದನು. 1879ರಲ್ಲಿ ಅರ್ಬನ್ ಎಂಬ ಇನ್ನೊಬ್ಬ ಸಸ್ಯವಿಜ್ಞಾನಿ ಅದನ್ನು ಸೆಂಟೆಲ್ಲಾ ಕುಲಕ್ಕೆ ತಂದನು. ಆದರೆ ಅಲ್ಲಿ ಕುಲ ಬದಲಾದರೂ ಏಷಿಯಾಟಿಕಾ ಎಂಬ ಪದ ಉಳಿಯಿತು, ಯಾರು ಯಾವಾಗ ಬದಲಿಸಿದರೆಂಬುದೂ ದಾಖಲಾಯಿತು. ಅಂಗಡಿಯ ಪೊಟ್ಟಣದ ಮೇಲೆ ಬ್ರಾಹ್ಮಿ ಎಂದು ಅಚ್ಚು ಹಾಕಿದ ಮಾತ್ರಕ್ಕೆ ಅದನ್ನು ಮರುವರ್ಗೀಕರಣ ಎನ್ನಲಾಗದು.

ಎರಡೂ ನೆನಪಿನ ಶಕ್ತಿಗೆ ಒಳ್ಳೆಯದೆಂದು ಹೇಳುತ್ತಾರೆ, ಹಾಗಾಗಿ ಯಾವುದಾದರೇನು ಎನ್ನುವವರೂ ಇದ್ದಾರೆ. ಹಾಗಾದರೆ ಬಾಯಿಗೆ ಹುಳಿಯೆಂದು ಮುರುಗಲನ್ನೂ ಹುಣಸೆಯನ್ನೂ ಒಂದೇ ಮರವೆನ್ನುತ್ತೀರಾ? ಭಾರತದ ಆಯುರ್ವೇದ ಔಷಧಕೋಶವೇ ಬ್ರಾಹ್ಮಿಯೆಂದರೆ ಬಕೋಪಾ, ಮಂಡೂಕಪರ್ಣಿಯೆಂದರೆ ಸೆಂಟೆಲ್ಲಾ ಎಂದು ಬೇರ್ಪಡಿಸಿರುವಾಗ, ಆಯುರ್ವೇದದ ಹೆಸರನ್ನು ಮುಂದಿಟ್ಟುಕೊಂಡು ನಮ್ಮ ಕನ್ನಡದ ಹೆಸರನ್ನು ತಪ್ಪೆಂದು ತಳ್ಳುವುದು ಯಾವ ನ್ಯಾಯ?

ಮುಂದಿನ ಸಂಚಿಕೆಯಲ್ಲಿ ಎರಡೂ ಗಿಡಗಳನ್ನು ಬೇರುಸಹಿತ ಪಕ್ಕಪಕ್ಕದಲ್ಲಿಟ್ಟು ತೋರಿಸುತ್ತೇನೆ, ಆದ್ದರಿಂದ ವಾಹಿನಿಗೆ ಚಂದಾದಾರರಾಗಿ. ನಿಮ್ಮೂರಿನಲ್ಲಿ ಈ ಗಿಡಕ್ಕಿರುವ ಹೆಸರನ್ನು ಕೆಳಗೆ ಬರೆಯಿರಿ. ಆದರೆ ದಯವಿಟ್ಟು ಬ್ರಾಹ್ಮಿ ಎಂದು ಮಾತ್ರ ಬರೆಯಬೇಡಿ. ತೊಟ್ಟಿಗೆ ಒಂದೇ ಎಲೆಯೆಂಬ ಲಕ್ಷಣವನ್ನು ಹೆಸರಿನಲ್ಲಿಯೇ ಹೇಳಿಟ್ಟವರು ನಮ್ಮ ತೋಟಗಳಲ್ಲಿ ಅದನ್ನು ಕೊಯ್ದ ಹೆಂಗಸರು. ಅದು ಒಂದೆಲಗ. ನೂರು ಜನ ತಿದ್ದಿದರೂ ನಾನು ಒಂದೆಲಗ ಎಂದೇ ಹೇಳುತ್ತೇನೆ.